ಕಟ್ಟಿದ ನುಡಿಗಳಲ್ಲಿ ಕರ್ತೃ, ಕರ್ಮ, ಕ್ರಿಯೆ

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯ ಸೀಮೆಯಲ್ಲಿ ಕನ್ನಡ ಮಾಸ್ತರನಾಗಿ ದುಡಿಯುವವನಿಗೆ ಒಂದು ಭಾಗ್ಯವುಂಟು. ತರಗತಿಯ ಒಂದೇ ಕೋಣೆಯಲ್ಲಿ ಅವನಿಗೆ ನಾಲ್ಕಾರು ವ್ಯಾಕರಣಗಳು ಏಕಕಾಲದಲ್ಲಿ ಕೇಳಬರುತ್ತವೆ. ಧಾರವಾಡದ ಮಗ್ಗುಲಿನ ಕನ್ನಡವನ್ನಾಡುವ ಒಕ್ಕಲುತನದ ಮನೆಗಳ ಮಕ್ಕಳು ಒಂದು ಕಡೆ. ಮನೆಯಲ್ಲಿ ಮರಾಠಿ ಆಡುವವರು ಇನ್ನೊಂದು ಕಡೆ. ಕೊಂಕಣಿಯ ಸಿದ್ದಿ ಹುಡುಗನ ಪಕ್ಕದಲ್ಲಿ ದಖನಿ ಉರ್ದುವಿನ ಸಿದ್ದಿ ಹುಡುಗ. ಕಾಡಂಚಿನ ಗೌಳಿವಾಡೆಯಿಂದ ಬರುವವರದು ಮರಾಠಿಯ ಬೇರೆಯೇ ಒಂದು ಬಗೆ. ಇವರೆಲ್ಲರಿಗೂ ನಾನು ಕಲಿಸಬೇಕಾದುದು ಒಂದೇ ವ್ಯಾಕರಣ. ಅದು ಯಾರು ಕಟ್ಟಿದ ವ್ಯಾಕರಣ, ಯಾರಿಗಾಗಿ ಕಟ್ಟಿದ್ದು ಎಂಬ ಪ್ರಶ್ನೆಯನ್ನು ಬಹಳ ವರ್ಷ ನಾನು ಕೇಳಿಕೊಂಡಿರಲಿಲ್ಲ. ಕೇಳುವಂತೆ ಮಾಡಿದ್ದು ಒಂದು ಚೀಟಿ.

ವ್ಯಾಕರಣದ ತಾಸಿನಲ್ಲಿ ಇಬ್ಬರು ಹುಡುಗಿಯರ ನಡುವೆ ಓಡಾಡುತ್ತಿದ್ದ ಚೀಟಿಯನ್ನು ಕಸಿದುಕೊಂಡೆ. ಲಿಪಿ ಕನ್ನಡವೇ, ಮಾತು ಮಾತ್ರ ಈ ಲೋಕದ್ದಲ್ಲ. “ಝುಮೊ ಪಿಲಿಟು ಕರಾಕೆ” ಎಂದು ಬರೆದಿತ್ತು. ಗದರಿಸಿ ಕೇಳಿದ ಮೇಲೆ ಗುಟ್ಟು ಹೊರಬಿತ್ತು. ‘ಝುಮೊ’ ಎಂದರೆ ಮಾಸ್ತರ, ಎಂದರೆ ನಾನೇ. ‘ಪಿಲಿ’ ಎಂದರೆ ಹುಡುಗ. ‘ಕರಾ’ ಎಂದರೆ ಬಯ್ಯುವುದು. ‘ಕೆ’ ಹಚ್ಚಿದರೆ ಆಗಿಹೋದದ್ದು, ‘ನೆ’ ಹಚ್ಚಿದರೆ ಇನ್ನು ಆಗುವುದು. ಮಾಸ್ತರರು ಹುಡುಗನನ್ನು ಬೈದರು ಎಂಬುದು ಒಟ್ಟರ್ಥ. ‘ಬಾಹುಬಲಿ’ ಎಂಬ ಚಲನಚಿತ್ರದಲ್ಲಿ ಕಾಲಕೇಯರು ಆಡುವ ಭಾಷೆಯನ್ನು ಕೇಳಿ ತಮಗೂ ಒಂದು ಬೇಕೆಂದು ಇದನ್ನು ಮಾಡಿಕೊಂಡಿದ್ದರಂತೆ. ಆ ಚಿತ್ರ 2015ರದು. ಅದರ ‘ಕಿಲಿಕಿ’ ಭಾಷೆಯನ್ನು ರಚಿಸಿದವರು ತಮಿಳಿನ ಗೀತರಚನಕಾರ ಮದನ್ ಕಾರ್ಕಿ. ಸುಮಾರು 750 ಶಬ್ದಗಳು, 40 ವ್ಯಾಕರಣ ನಿಯಮಗಳು ಅದಕ್ಕಿವೆಯೆಂದು ಆಗ ಪತ್ರಿಕೆಗಳು ಬರೆದವು.

“ಈ ‘ಟು’ ಅನ್ನೋದು ಏನು?” ಎಂದು ಕೇಳಿದೆ.

“ಅದು ಹಚ್ಚಲಿಲ್ಲಾಂದರ ಯಾರು ಯಾರಿಗೆ ಬೈದರು ಅಂತ ತಿಳಿಯಾಂಗಿಲ್ಲರಿ ಸರ್” ಎಂದಳು ಅವರಲ್ಲಿ ದೊಡ್ಡವಳು.

ನಾನು ಹಿಂದಿನ ಅರ್ಧ ತಾಸಿನಿಂದ ಹಲಗೆಯ ಮೇಲೆ ಬರೆದು ಬೋಧಿಸುತ್ತಿದ್ದುದೂ ದ್ವಿತೀಯಾ ವಿಭಕ್ತಿಯನ್ನೇ. ಅದನ್ನು ಆ ಹುಡುಗಿ ಕೇಳಿಸಿಕೊಂಡಿರಲಿಲ್ಲ. ಆದರೆ ಬೇಕಾದಾಗ ತಾನೇ ಮಾಡಿಕೊಂಡಿದ್ದಳು. ವಾಚಕರೆ, ಅಂದಿನಿಂದ ಈ ವಿಷಯ ನನ್ನ ಬೆನ್ನು ಹತ್ತಿದೆ. ಮನುಷ್ಯನು ಬುದ್ಧಿಪೂರ್ವಕವಾಗಿ ಒಂದು ಭಾಷೆಯನ್ನು ಕಟ್ಟಲು ಕುಳಿತಾಗ ಕ್ರಿಯಾಪದವನ್ನು ಹೇಗೆ ಮಾಡುತ್ತಾನೆ? ಮಾಡಿದವನಾರು, ಮಾಡಿಸಿಕೊಂಡವನಾರು ಎಂಬುದನ್ನು ಯಾವ ಗುರುತಿನಿಂದ ತೋರಿಸುತ್ತಾನೆ? ಅಂಥ ಪ್ರಯತ್ನಗಳ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ತಮ್ಮ ಮುಂದಿಡುತ್ತೇನೆ. ಯೂರೋಪಿಗೆ ಹೋಗುವ ಮೊದಲು ನಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳುವುದು ಲೇಸು.

ಈ ಪ್ರಶ್ನೆಗೆ ನಮ್ಮ ಹಿರಿಯರು ಇಟ್ಟ ಹೆಸರು ಕಾರಕ. ಪಾಣಿನಿಯು ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಆರು ಕಾರಕಗಳನ್ನು ಹೇಳಿದನು. ಇವು ಆರೂ ಕ್ರಿಯೆಯೊಡನೆ ಇರುವ ಸಂಬಂಧಗಳು. ಕರ್ತೃವು ಯಾವುದನ್ನು ಎಲ್ಲಕ್ಕಿಂತ ಮಿಗಿಲಾಗಿ ಮುಟ್ಟಬಯಸುತ್ತಾನೋ ಅದು ಕರ್ಮ; ಒಂದು ವಸ್ತು ಅಗಲಿ ಹೋಗುವಾಗ ಯಾವುದು ನಿಂತಲ್ಲೇ ನಿಂತಿರುತ್ತದೋ ಅದು ಅಪಾದಾನ. ಷಷ್ಠಿಯನ್ನು ಅವನು ಕಾರಕವೆಂದು ಎಣಿಸಲಿಲ್ಲ. ‘ರಾಮನ ಮನೆ’ ಎಂಬಲ್ಲಿ ರಾಮನಿಗೆ ಸಂಬಂಧವಿರುವುದು ಮನೆಯೊಡನೆಯೇ ಹೊರತು ಕ್ರಿಯೆಯೊಡನೆ ಅಲ್ಲ. ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೆಂದರೆ, ಕಾರಕ ಬೇರೆ, ವಿಭಕ್ತಿ ಬೇರೆ. ಕಾರಕವು ಅರ್ಥದ ಸಂಬಂಧ. ವಿಭಕ್ತಿಯು ಅದನ್ನು ತೋರಿಸುವ ಬಾಲ. ಎಷ್ಟು ಸಂಬಂಧಗಳಿವೆಯೋ ಅಷ್ಟೇ ಬಾಲಗಳಿರಬೇಕೆಂಬ ಕಟ್ಟಳೆಯೇನೂ ಇಲ್ಲ.

ಈ ಮಾತನ್ನು ಮರೆತುದರಿಂದ ನಮ್ಮಲ್ಲಿ ಒಂದು ಸ್ವಾರಸ್ಯದ ತೊಡಕು ಹುಟ್ಟಿತು. ಸುಮಾರು ಕ್ರಿ. ಶ. 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನ ಮೇಲೆ ನನಗಿರುವ ಗೌರವ ಅಷ್ಟಿಷ್ಟಲ್ಲ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಕವಿ ಜನ್ನನ ಸೋದರಳಿಯ, ಕನ್ನಡದ ಕಿವಿ ಅವನಿಗೆ ವಂಶದಿಂದಲೇ ಬಂದದ್ದು. ಅವನು ಸಂಸ್ಕೃತದ ಕ್ರಮವನ್ನನುಸರಿಸಿ ಕನ್ನಡಕ್ಕೂ ಏಳು ವಿಭಕ್ತಿಗಳನ್ನು ಹೇಳಿದನು: ಮ್, ಅಂ, ಇಂ, ಗೆ, ಅತ್ತಣಿಂ, ಅ, ಒಳ್. ಇವುಗಳಲ್ಲಿ ಐದನೆಯದನ್ನು ನೋಡಿರಿ. ‘ಅತ್ತಣಿಂ’ ಎಂಬುದು ಬಿಡಿಯಾದ ಪ್ರತ್ಯಯವೆ? ‘ಅತ್ತ’ ಎಂದರೆ ಆ ಕಡೆ. ಅದರ ಕೊನೆಯಲ್ಲಿ ಮೂರನೆಯ ವಿಭಕ್ತಿಯ ‘ಇಂ’ ಹಾಯಾಗಿ ಕುಳಿತಿದೆ. ಆ ಕಡೆಯಿಂದ ಎಂದಷ್ಟೇ ಅರ್ಥ. ಕನ್ನಡದಲ್ಲಿ ಕೊಡಲಿಯಿಂದ ಕಡಿಯುವುದಕ್ಕೂ ಮರದಿಂದ ಬೀಳುವುದಕ್ಕೂ ಒಂದೇ ‘ಇಂದ’ ಸಾಕು. ಆದರೆ ಸಂಸ್ಕೃತದಲ್ಲಿ ಏಳು ಮನೆಗಳಿದ್ದವು. ಐದನೆಯ ಮನೆ ಬರಿದಾಗಿರಬಾರದಷ್ಟೆ!

ಅತ್ತಣಿಂ ಹಳಗನ್ನಡದೊಡನೆ ಹೋಯಿತು. ಖಾಲಿ ಮನೆಯ ಭಯ ಹೋಗಲಿಲ್ಲ. ಹೊಸಗನ್ನಡದ ಶಾಲಾ ವ್ಯಾಕರಣಗಳು ಪಂಚಮಿಗೆ ‘ದೆಸೆಯಿಂದ’ ಎಂಬುದನ್ನು ತಂದು ಕೂಡಿಸಿದವು. ನಾನು ಪಂಡಿತ ಪರೀಕ್ಷೆಗೆ ಓದುವಾಗ ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂದು ಬರೆದೇ ಅಂಕ ಪಡೆದವನು. ಸಾಂಬ್ರಾಣಿಯ ಸಂತೆಯಲ್ಲಾಗಲಿ, ಹಳಿಯಾಳದ ಬಸ್ಸಿನಲ್ಲಾಗಲಿ, ಕಾವ್ಯದಲ್ಲಾಗಲಿ ಒಬ್ಬನೇ ಒಬ್ಬನು ಮರದ ದೆಸೆಯಿಂದ ಬಿದ್ದುದನ್ನು ನಾನು ಕೇಳಿಲ್ಲ. ಎಲ್ಲರೂ ಮರದಿಂದಲೇ ಬೀಳುತ್ತಾರೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಕರ್ಮಣಿ ಪ್ರಯೋಗದ ಪಾಡೂ ಹೆಚ್ಚುಕಡಿಮೆ ಇದೇ. ಇವು ನುಡಿಯಿಂದ ಹುಟ್ಟಿದ ರೂಪಗಳಲ್ಲ, ಮಾದರಿಯೊಂದನ್ನು ತುಂಬಿಸಲು ಕಟ್ಟಿದ ರೂಪಗಳು. ಕಟ್ಟಿದ ಭಾಷೆಯನ್ನು ಕಾಣಲು ನಾವು ಸಿನಿಮಾಕ್ಕೇ ಹೋಗಬೇಕಾಗಿಲ್ಲ. ಪಠ್ಯಪುಸ್ತಕದ ವಿಭಕ್ತಿ ಕೋಷ್ಟಕದಲ್ಲಿಯೂ ಅದರ ಒಂದು ತುಣುಕು ಇದೆ. ಡಿ. ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನು ಬರೆದಾಗ ನನ್ನಂಥ ಅನೇಕ ಪಂಡಿತರು ಮುನಿಸಿಕೊಂಡರು. ನಾನೂ ಮುನಿಸಿಕೊಂಡೆ. ಅವರ ಎಲ್ಲ ಮಾತುಗಳನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಈ ಒಂದು ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಹಾಗೆಂದು ಕೇಶಿರಾಜನನ್ನು ಬರಿಯ ಅನುಕರಣಕಾರನೆಂದು ತಳ್ಳಿಹಾಕುವುದು ಅನ್ಯಾಯ. ಕ್ರಿಯಾಪದದ ವಿಚಾರಕ್ಕೆ ಬಂದಾಗ ಅವನ ಕಿವಿ ಎಚ್ಚರವಾಗಿದೆ. ಸಂಸ್ಕೃತದ ಆಖ್ಯಾತಕ್ಕೆ ಲಿಂಗಭೇದವಿಲ್ಲ; ‘ಗಚ್ಛತಿ’ ಎಂದರೆ ಹೋಗುವವನೂ ಆಗಬಹುದು, ಹೋಗುವವಳೂ ಆಗಬಹುದು. ಕನ್ನಡದ ಕ್ರಿಯಾಪದವಾದರೋ ಹೋದನು, ಹೋದಳು, ಹೋಯಿತು ಎಂದು ಕರ್ತೃವಿನ ಗುರುತನ್ನು ತನ್ನ ಬಾಲದಲ್ಲಿಯೇ ಕಟ್ಟಿಕೊಂಡು ತಿರುಗುತ್ತದೆ. ಅದಕ್ಕೆಂದೇ ನಾವು ‘ಬಂದೆ’ ಎಂದಷ್ಟೇ ಅಂದು ಸುಮ್ಮನಾಗಬಹುದು. ‘ನಾನು’ ಎಂಬುದು ಬೇಕಾಗದು. ಹಳಗನ್ನಡದಲ್ಲಿ ‘ಮಾಡಿದಂ’ ಎಂಬಲ್ಲಿ ದಕಾರ, ‘ಮಾಡಿದಪಂ’ ಎಂಬಲ್ಲಿ ‘ದಪ’, ‘ಮಾಡುವಂ’ ಎಂಬಲ್ಲಿ ವಕಾರ ಕಾಲವನ್ನು ಸೂಚಿಸಿದರೆ, ಕೊನೆಯ ‘ಅಂ’ ಪುರುಷವನ್ನು ಸೂಚಿಸುತ್ತದೆ. ಧಾತು, ಕಾಲ, ಪುರುಷ: ಮೂರು ಗುಂಡು ಪೋಣಿಸಿದ ಸರ. ಇನ್ನು ನಿಷೇಧದ ‘ಮಾಡೆಂ’ ಎಂಬುದನ್ನು ನೋಡಿರಿ. ಇಲ್ಲಿ ನಡುವಿನ ಕಾಲದ ಗುಂಡೇ ಇಲ್ಲ. ಮಾಡದ ಕೆಲಸಕ್ಕೆ ನಿನ್ನೆ ಯಾವುದು, ನಾಳೆ ಯಾವುದು? ಜಗತ್ತಿನಲ್ಲಿ ಭಾಷೆ ಕಟ್ಟಲು ಕುಳಿತ ಯಾವ ಜಾಣನಿಗೂ ಇಂಥದು ಹೊಳೆದಿರಲಾರದೆಂದು ನನ್ನ ನಂಬಿಕೆ.

ಇದೇ ಪರಂಪರೆಯಲ್ಲಿ ನಮ್ಮ ಜಿಲ್ಲೆಗೆ ಸಲ್ಲುವ ಒಬ್ಬ ಮಹಾವೈಯಾಕರಣನಿದ್ದಾನೆ. ಭಟ್ಕಳದ ಬಳಿಯ ಹಾಡುವಳ್ಳಿಯ ಜೈನ ಮಠದಲ್ಲಿ ಅಕಲಂಕದೇವನ ಶಿಷ್ಯನಾಗಿದ್ದ ಭಟ್ಟಾಕಲಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಮುಗಿಸಿದನು, ಅದಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ಕನ್ನಡಕ್ಕೆ ವ್ಯಾಕರಣವೇ ಬೇಡ, ಅದು ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲ ಎನ್ನುವವರೊಡನೆ ಅವನು ವಾದಿಸುತ್ತಾನೆ. ವಾದ ಗೆಲ್ಲುವುದಕ್ಕೆ ಎದುರಾಳಿಯ ಶಸ್ತ್ರವನ್ನೇ ಹಿಡಿಯಬೇಕಾಯಿತು; ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಹೊಯ್ದು ತೋರಿಸಬೇಕಾಯಿತು. ಏಳು ವಿಭಕ್ತಿಗಳ ಹಟಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಮಾನದ ಪ್ರಶ್ನೆ ಬಂದಾಗ ಕೋಷ್ಟಕದಲ್ಲಿ ಖಾಲಿ ಮನೆಯನ್ನು ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಭಟ್ಟಾಕಲಂಕನ ತರುವಾಯ ಅರವತ್ತನಾಲ್ಕು ವರ್ಷಕ್ಕೆ, 1668ರಲ್ಲಿ, ಇಂಗ್ಲೆಂಡಿನಲ್ಲಿ ಜಾನ್ ವಿಲ್ಕಿನ್ಸ್ ಎಂಬ ಪಾದ್ರಿಯು ಒಂದು ದೊಡ್ಡ ಹೊತ್ತಗೆಯನ್ನು ಪ್ರಕಟಿಸಿದನು. ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನಾದ ಅವನು ಜಗತ್ತಿನ ಸಮಸ್ತ ವಸ್ತುಗಳನ್ನೂ 40 ಜಾತಿಗಳಾಗಿ ವಿಂಗಡಿಸಿ, ಹೆಸರು ಹೇಳಿದ ಕೂಡಲೆ ವಸ್ತುವಿನ ಸ್ವಭಾವವೇ ತಿಳಿಯುವಂಥ ಭಾಷೆಯನ್ನು ಯೋಜಿಸಿದನು. ಅವನ ಭಾಷೆಯಲ್ಲಿ ಕ್ರಿಯಾಪದಕ್ಕೆ ಸ್ವತಂತ್ರ ಸ್ಥಾನವಿಲ್ಲ. ಗುಣವಾಚಕಕ್ಕೆ ‘ಆಗಿದೆ’ ಎಂಬ ಅರ್ಥದ ಒಂದು ಕೊಂಡಿಯನ್ನು ಹಚ್ಚಿದರೆ ಕ್ರಿಯೆಯಾಯಿತು. ‘ಅವನು ಬಡಿಯುತ್ತಾನೆ’ ಎಂಬುದು ‘ಅವನು ಬಡಿಯುತ್ತಿರುವವನು ಆಗಿದ್ದಾನೆ’ ಎಂದಾಗುತ್ತದೆ. ಆಖ್ಯಾತವೇ ವಾಕ್ಯದ ಪ್ರಾಣವೆಂದು ನಂಬಿದ ನಮ್ಮ ವೈಯಾಕರಣರಿಗೆ ಇದು ವಿಚಿತ್ರವಾಗಿ ಕಂಡೀತು. ಪ್ರಥಮಾಂತವಾದ ಕರ್ತೃಪದವೇ ಮುಖ್ಯವೆನ್ನುವ ನೈಯಾಯಿಕರು ಮಾತ್ರ ತಲೆದೂಗಿಯಾರು. ಭಾಷೆಯೇನೊ ಆಡುವವರಿಲ್ಲದೆ ಪುಸ್ತಕದಲ್ಲಿಯೇ ಉಳಿಯಿತು.

ಆಡುವವರನ್ನು ಪಡೆದ ಮೊದಲ ಕಟ್ಟಿದ ಭಾಷೆ ವೊಲಪ್ಯೂಕ್. ಜರ್ಮನಿಯ ಬಾಡೆನ್ ಸೀಮೆಯ ಯೋಹಾನ್ ಮಾರ್ಟಿನ್ ಶ್ಲಾಯರ್ ಎಂಬ ಕ್ಯಾಥೊಲಿಕ್ ಪಾದ್ರಿಗೆ 1879ರಲ್ಲಿ, ನಿದ್ದೆ ಬಾರದ ಒಂದು ರಾತ್ರಿ, ಲೋಕಕ್ಕೆಲ್ಲ ಒಂದು ಭಾಷೆಯನ್ನು ಮಾಡೆಂದು ದೇವರ ಪ್ರೇರಣೆಯಾಯಿತಂತೆ. ಮರುವರ್ಷ ಪುಸ್ತಕ ಹೊರಬಂದಿತು. ಅದರ ವ್ಯಾಕರಣವನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತು. ಪರಿಚಿತರ ಮುಖವನ್ನು ಪರದೇಶದಲ್ಲಿ ಕಂಡಂತಾಯಿತು. ನಾಮಪದಕ್ಕೆ ‘ಅ’ ಹಚ್ಚಿದರೆ ಷಷ್ಠಿ, ‘ಎ’ ಹಚ್ಚಿದರೆ ಚತುರ್ಥಿ, ‘ಇ’ ಹಚ್ಚಿದರೆ ದ್ವಿತೀಯೆ. ನಮ್ಮ ಷಷ್ಠಿಯೂ ‘ಅ’ ತಾನೆ! ಇದು ಕೇವಲ ಕಾಕತಾಳೀಯ. ಕ್ರಿಯಾಪದವೂ ನಮ್ಮದರಂತೆ ಗುಂಡು ಪೋಣಿಸಿದ್ದೇ. ‘ಲ್ಯೊಫ್’ ಎಂದರೆ ಪ್ರೀತಿ; ‘ಲ್ಯೊಫೊಬ್’ ಎಂದರೆ ಪ್ರೀತಿಸುತ್ತೇನೆ, ‘ಲ್ಯೊಫೊಮ್’ ಎಂದರೆ ಪ್ರೀತಿಸುತ್ತಾನೆ, ‘ಲ್ಯೊಫೊಫ್’ ಎಂದರೆ ಪ್ರೀತಿಸುತ್ತಾಳೆ. ಇಲ್ಲಿಯೂ ಬಾಲದಲ್ಲಿ ಲಿಂಗವಿದೆ. ಕಾಲವನ್ನು ಮಾತ್ರ ಶ್ಲಾಯರನು ತಲೆಗೆ ಹಚ್ಚಿದನು: ‘ಒಲ್ಯೊಫೊಬ್’ ಎಂದರೆ ಪ್ರೀತಿಸುವೆನು. ಅದಕ್ಕೂ ಮುಂದೆ ‘ಪ’ ಬಂದರೆ ಕರ್ಮಣಿ ಪ್ರಯೋಗ. ಭೂತದಲ್ಲಿ ಮೂರು ಬಗೆ, ಭವಿಷ್ಯದಲ್ಲಿ ಎರಡು ಬಗೆ, ಮೇಲೆ ಸಂಭಾವನೆ, ವಿಧಿ, ಪ್ರಾರ್ಥನೆಗಳು. ಜರ್ಮನ್ ಭಾಷೆಗೂ ಲ್ಯಾಟಿನ್ನಿಗೂ ಇದ್ದುದೆಲ್ಲವೂ ತನ್ನ ಭಾಷೆಗೂ ಇರಬೇಕೆಂಬ ಹಟ. ಆ ಹಟ ನನಗೆ ಪರಿಚಿತವಾದುದೇ.

ವೊಲಪ್ಯೂಕ್ ಹತ್ತು ವರ್ಷ ಕಾಡುಗಿಚ್ಚಿನಂತೆ ಹರಡಿತು. 1889ರಲ್ಲಿ ಪ್ಯಾರಿಸಿನಲ್ಲಿ ಮೂರನೆಯ ಸಮ್ಮೇಳನ ನಡೆದಾಗ ಇನ್ನೂರೆಂಬತ್ತಕ್ಕೂ ಮಿಕ್ಕು ಸಂಘಗಳಿದ್ದವು. ಅಷ್ಟರಲ್ಲಿ ಮನೆಯಲ್ಲಿಯೇ ಜಗಳ ಹತ್ತಿತು. ಅದರ ಅಕಾಡೆಮಿಯ ಮುಖ್ಯಸ್ಥನಾದ ಆಗಸ್ಟ್ ಕೆರ್ಕ್‌ಹಾಫ್ಸ್ ವ್ಯಾಕರಣವನ್ನು ಸುಲಭ ಮಾಡಬೇಕೆಂದನು. ಶ್ಲಾಯರನು ಭಾಷೆ ತನ್ನದು, ತಾನು ಒಪ್ಪದೆ ಒಂದು ಬಾಲವನ್ನೂ ಕತ್ತರಿಸಕೂಡದು ಎಂದನು. ತಕರಾರು ಮುಗಿಯುವ ಮೊದಲೇ ಆಡುವವರು ಚೆದರಿಹೋದರು.

ಆ ಚೆದರಿದವರಲ್ಲಿ ಅನೇಕರು ಸೇರಿದ್ದು ಎಸ್ಪೆರಾಂಟೊ ಬಳಗವನ್ನು. ಲೂಡ್ವಿಕ್ ಜಮೆನ್‌ಹೋಫನು ಹುಟ್ಟಿದ್ದು 1859ರಲ್ಲಿ, ಅಂದು ರಷ್ಯನ್ ಸಾಮ್ರಾಜ್ಯದಲ್ಲಿದ್ದ ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ. ಸಾಂಬ್ರಾಣಿಯವರಿಗೆ ಆ ಊರು ಸುಲಭವಾಗಿ ಅರ್ಥವಾದೀತು. ಒಂದೇ ಪೇಟೆಯಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ಎಂಬ ನಾಲ್ಕು ನುಡಿಗಳು. ಅಂತರ ಒಂದೇ: ಅಲ್ಲಿ ನುಡಿಯೊಡನೆ ಹಗೆಯೂ ಬೆಳೆದಿತ್ತು. ಈ ಯೆಹೂದಿ ಬಾಲಕನು ಶಾಲೆಯಲ್ಲಿರುವಾಗಲೇ ಎಲ್ಲರಿಗೂ ಸಮನಾದ ಒಂದು ಭಾಷೆಯನ್ನು ಕಟ್ಟತೊಡಗಿದನು. ಮೊದಮೊದಲು ಅವನೂ ಶ್ಲಾಯರನಂತೆ ತುಂಬ ರೂಪಗಳನ್ನು ಪೇರಿಸುತ್ತಿದ್ದನು. ಆಮೇಲೆ ಇಂಗ್ಲಿಷ್ ಕಲಿತಾಗ ಅವನ ಕಣ್ಣು ತೆರೆಯಿತು: ಇಷ್ಟು ಕಡಿಮೆ ಬಾಲಗಳಿಂದಲೂ ಒಂದು ಭಾಷೆ ಬದುಕಬಲ್ಲುದು, ರೂಪಗಳ ಸಂಪತ್ತು ಚರಿತ್ರೆಯ ಆಕಸ್ಮಿಕವೇ ಹೊರತು ಅವಶ್ಯಕತೆಯಲ್ಲ. ಇದನ್ನು ಅವನೇ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಕಣ್ಣಿನ ವೈದ್ಯನಾಗಿ ಬಡತನದಲ್ಲಿದ್ದ ಅವನು ಮಾವನ ಹಣದಿಂದ 1887ರ ಜುಲೈಯಲ್ಲಿ ವಾರ್ಸಾದಲ್ಲಿ ತನ್ನ ಸಣ್ಣ ಪುಸ್ತಕವನ್ನು ಅಚ್ಚುಹಾಕಿಸಿದನು. ವ್ಯಾಕರಣ ಹದಿನಾರು ನಿಯಮಗಳಲ್ಲಿ ಮುಗಿದಿತ್ತು.

ಕ್ರಿಯಾಪದಕ್ಕೆ ಪುರುಷವಿಲ್ಲ, ವಚನವಿಲ್ಲ, ಲಿಂಗವಿಲ್ಲ. ‘ಅಸ್’ ಎಂದರೆ ವರ್ತಮಾನ, ‘ಇಸ್’ ಭೂತ, ‘ಓಸ್’ ಭವಿಷ್ಯತ್ತು, ‘ಉಸ್’ ಸಂಭಾವನೆ, ‘ಉ’ ವಿಧಿ; ‘ಇ’ ಎಂದರೆ ಧಾತುವಿನ ಭಾವರೂಪ. ಅಲ್ಲಿಗೆ ಮುಗಿಯಿತು. ನೋಡುತ್ತೇನೆ, ನೋಡುತ್ತಾಳೆ, ನೋಡುತ್ತಾರೆ ಎಲ್ಲಕ್ಕೂ ‘ವಿದಾಸ್’ ಒಂದೇ. ಬೆಲೆ ತೆರಬೇಕಾದುದು ಬೇರೆ ಕಡೆ: ಸರ್ವನಾಮವನ್ನು ಪ್ರತಿಸಲವೂ ಹೇಳಲೇಬೇಕು. ಬಾಲದಲ್ಲಿ ಉಳಿಸಿದ್ದನ್ನು ತಲೆಯಲ್ಲಿ ಕೊಡಬೇಕಾಯಿತು. ನಾಮಪದಗಳಿಗೂ ವಿಭಕ್ತಿಗಳನ್ನೆಲ್ಲ ಕಿತ್ತುಹಾಕಿ ಉಪಸರ್ಗದಂಥ ಬಿಡಿಪದಗಳನ್ನು ಇಟ್ಟನು. ಆದರೆ ಒಂದನ್ನು ಮಾತ್ರ ಕೀಳಲಿಲ್ಲ. ಕರ್ಮಪದದ ಕೊನೆಗೆ ಒಂದು ‘ನ್’ ಉಳಿಯಿತು. ‘ಲಾ ಹುಂಡೊ ಮೊರ್ದಾಸ್ ಲಾ ಕಾಟೋನ್’ ಎಂದರೆ ನಾಯಿ ಬೆಕ್ಕನ್ನು ಕಚ್ಚುತ್ತದೆ. ಪದಗಳನ್ನು ಹಿಂದುಮುಂದಾಗಿಸಿ ‘ಲಾ ಕಾಟೋನ್ ಮೊರ್ದಾಸ್ ಲಾ ಹುಂಡೊ’ ಎಂದರೂ ಕಚ್ಚುವುದು ನಾಯಿಯೇ. ಇಂಗ್ಲಿಷಿನಲ್ಲಿ ಹೀಗೆ ಸ್ಥಾನ ಬದಲಿಸಿದರೆ ಬೆಕ್ಕೇ ನಾಯಿಯನ್ನು ಕಚ್ಚಿಬಿಡುತ್ತದೆ!

ಈ ಒಂದು ‘ನ್’ ಮೇಲೆ ನಡೆದಷ್ಟು ವಾಗ್ವಾದ ಬೇರೆ ಯಾವ ಪ್ರತ್ಯಯದ ಮೇಲೂ ನಡೆದಿರಲಾರದು. ಫ್ರೆಂಚರಿಗೂ ಇಂಗ್ಲಿಷರಿಗೂ ಅದು ಕಾಲಿಗೆ ತೊಡರುವ ಬಳ್ಳಿ. ರಷ್ಯನ್ನರಿಗೆ ಅದಿಲ್ಲದೆ ನಡೆಯದು. 1894ರಲ್ಲಿ ಸುಧಾರಕರ ಒತ್ತಾಯಕ್ಕೆ ಮಣಿದು ಜಮೆನ್‌ಹೋಫನೇ ಹಲವು ಮಾರ್ಪಾಡುಗಳನ್ನು ಸೂಚಿಸಿದನು. ಈ ‘ನ್’ ಅನ್ನು ಬಿಟ್ಟು, ಕರ್ಮವನ್ನು ಪದದ ಸ್ಥಾನದಿಂದಲೇ ತಿಳಿಯಬೇಕೆಂಬುದೂ ಅವುಗಳಲ್ಲಿ ಒಂದು. ಪತ್ರಿಕೆಯ ಚಂದಾದಾರರ ಮತವನ್ನು ಕೇಳಿದನು. ಹೆಚ್ಚಿನವರು ಬೇಡ, ಇದ್ದುದೇ ಇರಲಿ ಎಂದರು. ಅವನು ತಲೆಬಾಗಿದನು. ಶ್ಲಾಯರನಿಗೂ ಇವನಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಒಬ್ಬನು ಭಾಷೆ ನನ್ನದೆಂದು ಹಿಡಿದುಕೊಂಡು ಕಳೆದುಕೊಂಡನು. ಇನ್ನೊಬ್ಬನು ಆಡುವವರದೆಂದು ಬಿಟ್ಟುಕೊಟ್ಟನು. 1905ರಲ್ಲಿ ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ ಮೊದಲ ವಿಶ್ವ ಸಮ್ಮೇಳನ ಕೂಡಿದಾಗ ಮೂಲ ನಿಯಮಗಳನ್ನು ಯಾರೂ, ಕರ್ತೃವೂ ಸಹ, ಮುಟ್ಟಕೂಡದೆಂದು ನಿಶ್ಚಯವಾಯಿತು. ಒಪ್ಪದವರು 1907ರಲ್ಲಿ ‘ಇಡೊ’ ಎಂಬ ಕವಲನ್ನು ಒಡೆದರು. ಅದರಲ್ಲಿ ಕರ್ಮಪದವು ಕರ್ತೃವಿಗಿಂತ ಮೊದಲು ಬಂದರೆ ಮಾತ್ರ ‘ನ್’, ಉಳಿದೆಡೆ ಬೇಡ. ಇಟಲಿಯ ಗಣಿತಜ್ಞ ಪೆಯಾನೊ 1903ರಲ್ಲಿಯೇ ಲ್ಯಾಟಿನ್ನಿನ ಎಲ್ಲ ಬಾಲಗಳನ್ನೂ ಬೋಳಿಸಿ ತೋರಿಸಿದ್ದನು. 1951ರ ‘ಇಂಟರ್‌ಲಿಂಗ್ವಾ’ದಲ್ಲಿಯೂ ನಾಮಪದಕ್ಕೆ ಕರ್ಮದ ಗುರುತಿಲ್ಲ.

ಜಮೆನ್‌ಹೋಫನು 1917ರಲ್ಲಿ ತೀರಿಕೊಂಡನು. ಆ ಭಾಷೆಯನ್ನು ಊರೂರಿಗೆ ಕಲಿಸುತ್ತಿದ್ದ ಅವನ ಮಗಳು ಲಿಡಿಯಾಳನ್ನು 1942ರಲ್ಲಿ ಟ್ರೆಬ್ಲಿಂಕಾದಲ್ಲಿ ನಾಜಿಗಳು ಕೊಂದರು. ವ್ಯಾಕರಣದ ಲೇಖನದಲ್ಲಿ ಈ ಮಾತೇಕೆ ಎಂದು ತಾವು ಕೇಳಬಹುದು. ಎಲ್ಲರಿಗೂ ಸಮನಾಗಿರಲೆಂದು ಹದಿನಾರು ನಿಯಮಗಳನ್ನು ಬರೆದವನ ಮನೆಗೆ ಆದ ಗತಿ ಇದು. ಬಿಟ್ಟು ಮುಂದೆ ಹೋಗಲು ನನ್ನ ಲೇಖನಿಗೆ ಆಗಲಿಲ್ಲ.

ಈಗ ಇದರ ಮುಂದಿನ ಅಧ್ಯಾಯ. ಎಸ್ಪೆರಾಂಟೊ ಆಡುವ ದಂಪತಿಗಳ ಮನೆಗಳಲ್ಲಿ ಅದನ್ನೇ ತಾಯ್ನುಡಿಯಾಗಿ ಕಲಿತ ಮಕ್ಕಳು ಕೆಲವರಿದ್ದಾರೆ. ಅಂಥವರ ಮಾತನ್ನು ಪರಿಶೀಲಿಸಿ ಬೆಂಜಮಿನ್ ಬರ್ಗೆನ್ ಎಂಬ ಭಾಷಾಶಾಸ್ತ್ರಜ್ಞನು 2001ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಚಂದಾದಾರರು ಮತ ಹಾಕಿ ಉಳಿಸಿಕೊಂಡ ‘ನ್’ ಈ ಮಕ್ಕಳ ಬಾಯಲ್ಲಿ ಸವೆದಿತ್ತು. ಪದಗಳ ಕ್ರಮ ಕರ್ತೃ, ಕ್ರಿಯೆ, ಕರ್ಮ ಎಂದು ನೆಲೆಗೊಂಡ ಮೇಲೆ ಬಾಲದ ಕೆಲಸ ಕಡಿಮೆಯಾಯಿತು. ಕಟ್ಟಿದವನ ನಿಯಮವನ್ನು ದೊಡ್ಡವರು ಪಾಲಿಸಿದರು. ಹುಟ್ಟಿನಿಂದ ಆಡಿದವರು ತಮಗೆ ಬೇಕಾದಷ್ಟನ್ನು ಇಟ್ಟುಕೊಂಡರು.

ಇದಕ್ಕೆ ವಿರುದ್ಧ ದಿಕ್ಕಿನ ನಿದರ್ಶನವೂ ಇದೆ. ಮಧ್ಯ ಅಮೆರಿಕದ ನಿಕರಾಗುವದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳನ್ನು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕೂಡಿಸಿ ಶಾಲೆ ನಡೆಸಿದರು. ಯಾರೂ ಕಲಿಸದೆ ಆ ಮಕ್ಕಳ ನಡುವೆ ಒಂದು ಕೈಸನ್ನೆಯ ಭಾಷೆ ಬೆಳೆಯಿತು. ಮೊದಲ ತಂಡದವರು ‘ಗಂಡಸು ಹೆಂಗಸನ್ನು ನೂಕಿದನು’ ಎಂಬುದನ್ನು ‘ಗಂಡಸು ನೂಕು, ಹೆಂಗಸು ಬೀಳು’ ಎಂದು ಎರಡಾಗಿ ಒಡೆದು ಹೇಳುತ್ತಿದ್ದರು. ಒಂದು ಕ್ರಿಯೆಗೆ ಒಬ್ಬನೇ ಒಡೆಯ. ಕರ್ಮದ ತಂಟೆಯೇ ಬೇಡ. ಅವರ ಬಳಿಕ ಬಂದ ಚಿಕ್ಕ ಮಕ್ಕಳು ಸನ್ನೆಯನ್ನು ಮಾಡುವ ಜಾಗವನ್ನೇ ಗುರುತಾಗಿ ಬಳಸಿ, ಯಾರು ಯಾರಿಗೆ ಮಾಡಿದರೆಂಬುದನ್ನು ತೋರಿಸತೊಡಗಿದರು. ವಿಭಕ್ತಿ ಹುಟ್ಟುವುದನ್ನು ವಿದ್ವಾಂಸರು ಕಣ್ಣಾರೆ ಕಂಡದ್ದು ಇಂಥಲ್ಲಿ.

ಮತ್ತೆ ನಮ್ಮ ಸೀಮೆಗೆ ಬರೋಣ. ಮರಾಠಿಯಲ್ಲಿ ‘ರಾಮಾನೆ ಆಂಬಾ ಖಾಲ್ಲಾ’ ಎಂದರೆ ರಾಮ ಮಾವಿನಹಣ್ಣು ತಿಂದ. ‘ರಾ‌ಮಾನೆ ಪೋಳಿ ಖಾಲ್ಲೀ’ ಎಂದರೆ ರಾಮ ಪೋಳಿ ತಿಂದ. ಕ್ರಿಯಾಪದದ ಬಾಲ ರಾಮನನ್ನು ನೋಡುವುದೇ ಇಲ್ಲ. ತಿಂದ ವಸ್ತುವಿನ ಲಿಂಗವನ್ನು ನೋಡುತ್ತದೆ. ಸೀತೆ ತಿಂದರೂ ಮಾವಿನಹಣ್ಣಿಗೆ ‘ಖಾಲ್ಲಾ’ ಎಂಬುದೇ ರೂಪ. ಕೊಂಕಣಿಯ ಜಾಡೂ ಇದೇ. ಉತ್ತರದ ಹಿಂದಿ ಉರ್ದುಗಳಲ್ಲಿಯೂ ಇದಕ್ಕೆ ‘ನೇ’ ಎಂಬ ಗುರುತು ಇದೆ. ಆದರೆ ನಮ್ಮ ದಖನಿಯವನು ‘ಮೈಂ ರೋಟಿ ಖಾಯಾ’ ಎನ್ನುತ್ತಾನೆ. ಅಲ್ಲಿ ‘ನೇ’ ಇಲ್ಲ. ಕ್ರಿಯೆ ಕನ್ನಡದಂತೆ ಕರ್ತೃವಿನ ಹಿಂದೆ ನಡೆಯುತ್ತದೆ. ಶತಮಾನಗಳ ಕಾಲ ಕನ್ನಡ ತೆಲುಗುಗಳ ನೆರೆಯಲ್ಲಿ ಬಾಳಿದ ನುಡಿ ಅದು. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬವರು 1971ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾಗಿದೆ. ಅಲ್ಲಿ ಮೂರು ಭಾಷೆಗಳ ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು; ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಾಗಿತ್ತು. ಯಾವ ಅಕಾಡೆಮಿಯೂ ಕೂಡಲಿಲ್ಲ, ಯಾರೂ ಮತ ಹಾಕಲಿಲ್ಲ.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಹಳೆಯ ಪಾಪವೊಂದು ನೆನಪಿಗೆ ಬಂದಿತು. ಮರಾಠಿ ಮನೆಯ ಹುಡುಗನೊಬ್ಬನು ಬಹಳ ಹಿಂದೆ ನಿಬಂಧದಲ್ಲಿ ‘ಅಕ್ಕ ರೊಟ್ಟಿ ತಿಂದಿತು’ ಎಂದು ಬರೆದಿದ್ದನು. ಕೆಂಪು ಶಾಯಿಯಿಂದ ಗೀಟು ಎಳೆದು, ‘ಅಕ್ಕನೇನು ದನವೆ?’ ಎಂದು ಎಲ್ಲರೆದುರು ಹಾಸ್ಯ ಮಾಡಿದ್ದೆ, ತರಗತಿಯೆಲ್ಲ ನಕ್ಕಿತು. ಅವನು ಅಕ್ಕನನ್ನು ದನವೆಂದಿರಲಿಲ್ಲ. ಅವನ ಮನೆಯ ವ್ಯಾಕರಣದಲ್ಲಿ ‘ತಿಂದಿತು’ ಎಂಬುದು ರೊಟ್ಟಿಗೆ ಸೇರಿದ್ದು. ತಪ್ಪು ತಪ್ಪೇ, ತಿದ್ದಲೇಬೇಕು. ಕನ್ನಡದಲ್ಲಿ ಕರ್ತೃವೇ ಯಜಮಾನ. ಆದರೆ ಅದು ಬುದ್ಧಿಯಿಲ್ಲದ ತಪ್ಪಾಗಿರಲಿಲ್ಲ. ಆ ಹುಡುಗ ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ನನ್ನ ಹಾಸ್ಯಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಆಗ ಅಂದುಕೊಂಡೆ; ಈಗಲೂ ಅಂದುಕೊಳ್ಳಲು ಯತ್ನಿಸುತ್ತೇನೆ. ಇಂದು ಅಂಥ ವಾಕ್ಯ ಕಂಡರೆ ಹಲಗೆಯ ಮೇಲೆ ಎರಡನ್ನೂ ಬರೆಯಿಸುತ್ತೇನೆ: ನಿಮ್ಮ ಮನೆಯಲ್ಲಿ ಹೇಗೆ ಅನ್ನುತ್ತೀರಿ, ಕನ್ನಡದಲ್ಲಿ ಹೇಗೆ ಅನ್ನಬೇಕು. ಪಂಚಮಿಯ ಮನೆಯಲ್ಲಿ ‘ದೆಸೆಯಿಂದ’ ಎಂದು ಹೇಳಿಕೊಟ್ಟು, ಪರೀಕ್ಷೆಯ ಹೊರಗೆ ಇದನ್ನು ಬಳಸಬೇಡಿರೆಂದು ತಿಳಿಸುತ್ತೇನೆ. ಕೇಶಿರಾಜನು ಕ್ಷಮಿಸಲಿ.

ಚೀಟಿಯನ್ನು ಹುಡುಗಿಯರಿಗೆ ಹಿಂದಿರುಗಿಸಿದೆ. ಅವರ ಭಾಷೆ ಈಗ ಐದಾರು ಮಂದಿಗೆ ಹಬ್ಬಿದೆಯೆಂದು ಕೇಳಿದ್ದೇನೆ, ದಖನಿಯವಳೊಬ್ಬಳೂ ಸೇರಿದ್ದಾಳೆ. ಮೊನ್ನೆ ಹಿತ್ತಿಲಿನ ನಲ್ಲಿಯ ಹತ್ತಿರ ಅವರ ಮಾತು ಕಿವಿಗೆ ಬಿತ್ತು. ‘ಮುಸಿ’ ಎಂದರೆ ನೀರು ಎಂಬಷ್ಟು ನನಗೂ ಬರುತ್ತದೆ. ನೀರು ಕುಡಿದೆ ಎನ್ನುವಾಗ ‘ಮುಸಿ’ ಎಂದರೇ ಹೊರತು ‘ಮುಸಿಟು’ ಎನ್ನಲಿಲ್ಲ. ‘ಟು’ ಯಾಕೆ ಬಿಟ್ಟಿರೆಂದು ಕೇಳಿದೆ.

“ನೀರು ನಮ್ಮನ್ನ ಕುಡಿಯೋದಿಲ್ಲಲ್ಲರಿ ಸರ್” ಎಂದಳು.

ನಾವೂ ಹುಡುಗನನ್ನು ಕರೆದೆ ಎನ್ನುತ್ತೇವೆ, ನೀರು ಕುಡಿದೆ ಎನ್ನುತ್ತೇವೆ. ಚೇತನಕ್ಕೆ ‘ಅನ್ನು’ ಬೇಕೇ ಬೇಕು, ಅಚೇತನಕ್ಕೆ ಬೇಕಾದರೆ ಉಂಟು, ಬೇಡವಾದರೆ ಇಲ್ಲ. ನಾನು ಓದಿದ ಕಾಲದ ಶಾಲಾ ವ್ಯಾಕರಣದಲ್ಲಿ ಈ ನಿಯಮವನ್ನು ಬರೆದಿರಲಿಲ್ಲ. ಅವರಿಗೆ ನಾನೂ ಕಲಿಸಿರಲಿಲ್ಲ.